ಲೆಕ್ಕ ಯಾರಿಗೆ ಒಪ್ಪಿಸಬೇಕು?

ಅಮೆರಿಕ ಸರ್ಕಾರದ ನೆರವಿನ ಸಂಸ್ಥೆ ಯುಎಸ್‌ಏಡ್‌ 1961ರಲ್ಲಿ ಹುಟ್ಟಿತು. ಅದರ ಹಣದಲ್ಲಿ ಬಡ ದೇಶವೊಂದಕ್ಕೆ ಸರಕು ಮಾರುವವರಿಗೆ ಬಿಲ್ಲು, ಹಡಗಿನ ರಸೀದಿ ಕೊಟ್ಟರಷ್ಟೇ ಸಾಲುತ್ತಿರಲಿಲ್ಲ. ಸರಕು ಯಾವ ದೇಶದ್ದು, ದಲ್ಲಾಳಿಗೆ ಕಮಿಷನ್ ಎಷ್ಟು, ರಿಯಾಯಿತಿ ಏನು ಎಂದು ತಿಳಿಸಿ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಿತ್ತು. ಸುಳ್ಳು ಹೇಳಿದರೆ ಶಿಕ್ಷೆ.

ಈ ಪ್ರಶ್ನೆಗಳು ನ್ಯಾಯವಾದವು. ಹಣ ತೆರಿಗೆ ಕಟ್ಟಿದವರದು, ಸರಕು ಕಷ್ಟದಲ್ಲಿರುವವರದು. ನಡುವೆ ಲಾಭ ಪಡೆಯುವವರು ಲೆಕ್ಕ ಕೊಡಲೇಬೇಕು.

ಆದರೆ ಕಾಗದ ಹೆಚ್ಚಿದ ಮಾತ್ರಕ್ಕೆ ಪ್ರಾಮಾಣಿಕತೆ ಹೆಚ್ಚುವುದಿಲ್ಲ. ತೈಲ ಮಾರಿದ ಹಣದಲ್ಲಿ ಇರಾಕ್ ವಿಶ್ವಸಂಸ್ಥೆಯ ನಿಗಾದಲ್ಲಿ ಆಹಾರ ಮುಂತಾದವನ್ನು ಕೊಳ್ಳುತ್ತಿದ್ದ 'ಆಹಾರಕ್ಕಾಗಿ ತೈಲ' ಯೋಜನೆಯನ್ನು ನೋಡಿ. ಅಲ್ಲಿ ಖರ್ಚಾದದ್ದು ನೆರವಿನ ಹಣವಲ್ಲ, ಇರಾಕಿನದೇ ತೈಲದ ಹಣ. ಆದರೂ ಮೇಲ್ವಿಚಾರಣೆಯ ಪ್ರಶ್ನೆ ಇದೇ. ಒಪ್ಪಂದಗಳು ವಿಶ್ವಸಂಸ್ಥೆಯ ಪರಿಶೀಲನೆಯನ್ನು ದಾಟಿಯೇ ಹೋಗುತ್ತಿದ್ದವು. ಹಾಗಿದ್ದೂ 2,000ಕ್ಕೂ ಹೆಚ್ಚು ಕಂಪನಿಗಳ ವ್ಯವಹಾರದಲ್ಲಿ ಸದ್ದಾಂ ಸರ್ಕಾರಕ್ಕೆ ಅಕ್ರಮ ಹಣ ಸಂದಿತ್ತೆಂದು, ತನಿಖೆ ನಡೆಸಿದ ಪಾಲ್ ವೋಲ್ಕರ್ ಸಮಿತಿ 2005ರಲ್ಲಿ ತಿಳಿಸಿತು. ಒಳನಾಡು ಸಾಗಣೆ, ಮಾರಾಟೋತ್ತರ ಸೇವೆ ಎಂಬ ಹೆಸರಿನಲ್ಲಿ ಲಂಚ ಬೆಲೆಯೊಳಗೇ ಕೂತಿತ್ತು. ಬೆಲೆ ಅತಿಯಾಯಿತೆಂಬ ಸಂಶಯ ವಿಶ್ವಸಂಸ್ಥೆಯ ಅಧಿಕಾರಿಗಳಲ್ಲೇ ಎದ್ದಿತ್ತು. ಅದಕ್ಕೆ ಕಿವಿಗೊಡಬೇಕಾದವರು ಕೊಡಲಿಲ್ಲ.

ಕಾಗದದ ಹೊರೆಯ ಇನ್ನೊಂದು ಪರಿಣಾಮ ಇಷ್ಟು ಸುದ್ದಿಯಾಗುವುದಿಲ್ಲ. ವಾಷಿಂಗ್ಟನ್ನಿನ ದೊಡ್ಡ ಗುತ್ತಿಗೆದಾರರಿಗೆ ವಕೀಲರಿದ್ದಾರೆ, ಲೆಕ್ಕಿಗರಿದ್ದಾರೆ. ಆಫ್ರಿಕಾದ ಪಟ್ಟಣವೊಂದರಲ್ಲಿ ಬೀಜ ಮಾರುವ ಸಣ್ಣ ವ್ಯಾಪಾರಿಗೆ ಇಂಗ್ಲಿಷಿನ ನಮೂನೆಗಳನ್ನು ತುಂಬಲು ಗುಮಾಸ್ತರೊಬ್ಬರನ್ನು ಇಟ್ಟುಕೊಳ್ಳುವುದೂ ಭಾರ. ನೇರ ನೆರವಿನಲ್ಲಿ ಕಾಲು ಭಾಗ ಸ್ಥಳೀಯ ಸಂಸ್ಥೆಗಳಿಗೆ ಸಲ್ಲಬೇಕೆಂದು ಯುಎಸ್‌ಏಡ್‌ನ ಮುಖ್ಯಸ್ಥೆ ಸಮಂತಾ ಪವರ್ 2021ರಲ್ಲಿ ಗುರಿ ಇಟ್ಟರು. 2023ರಲ್ಲೂ ಅದು ಶೇ 10ರ ಆಸುಪಾಸಿನಲ್ಲೇ ಇತ್ತು. ಕಾಗದಪತ್ರವೊಂದೇ ಇದಕ್ಕೆ ಕಾರಣವಲ್ಲ, ನಿಜ; ಆದರೆ ಸಣ್ಣವರನ್ನು ಬಾಗಿಲಲ್ಲೇ ತಡೆಯುವುದರಲ್ಲಿ ಅದರ ಪಾಲು ದೊಡ್ಡದು.

ನಿಯಮ ಸಡಿಲಿಸಿದರೆ ಕಳ್ಳರಿಗೆ ದಾರಿಯಾಗುವುದಿಲ್ಲವೇ ಎಂಬ ಆತಂಕ ಸಹಜ. ಕೇಳಬೇಕಾದುದು ಸಡಿಲಿಕೆಯಲ್ಲ, ಪ್ರಮಾಣಬದ್ಧತೆ. ಚಿಕ್ಕ ಮೊತ್ತಕ್ಕೆ ಚಿಕ್ಕ ಪ್ರಶ್ನೆ ಸಾಕು. ಉಳಿದ ಸಮಯವನ್ನು ದೊಡ್ಡ ಒಪ್ಪಂದಗಳ ಬೆಲೆಯನ್ನು ಪೇಟೆ ಬೆಲೆಯೊಂದಿಗೆ ತಾಳೆ ನೋಡಲು ಬಳಸಬಹುದು. ವರದಿಗಳೆಲ್ಲ ಹಣ ಕೊಟ್ಟವರ ಕಡೆಗೇ ಹೋಗುತ್ತವೆ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ತಮ್ಮ ಹೆಸರಿನಲ್ಲಿ ಎಷ್ಟು ಚೀಲ, ಯಾವ ಬೆಲೆಗೆ ಬಂತೆಂದು ಚೀಲ ಹೊತ್ತುಕೊಂಡು ಹೋಗುವವರಿಗೆ ಯಾರೂ ಹೇಳುವುದಿಲ್ಲ. ಕೊರತೆಯನ್ನು ಎಲ್ಲರಿಗಿಂತ ಮೊದಲು ಕಾಣಬಲ್ಲವರು ಅವರೇ.

2025ರ ಜುಲೈನಲ್ಲಿ ಯುಎಸ್‌ಏಡ್‌ನ ಉಳಿದ ಕೆಲಸ ಅಮೆರಿಕದ ವಿದೇಶಾಂಗ ಇಲಾಖೆಗೆ ಹೋಯಿತು. ಅಲ್ಲಿ ನಿಯಮ ಬರೆಯುವವರು ಸರಬರಾಜುದಾರರ ಬೆಲೆ, ತೂಕ, ಕಮಿಷನ್ನಿನ ವಿವರವನ್ನು ಸರಕು ಹಂಚುವ ಊರಿನಲ್ಲಿ, ಊರಿನವರ ಭಾಷೆಯಲ್ಲಿ ಪ್ರಕಟಿಸುವುದನ್ನು ಕಡ್ಡಾಯ ಮಾಡಲಿ.