ಹತ್ತೊಂಬತ್ತು ರೂಪಾಯಿಯ ತೀರ್ಪು

ಡೊಂಬಿವಲಿಯಿಂದ ವಿಟಿಗೆ (ಈಗ ಅದನ್ನು ಸಿಎಸ್‌ಎಂಟಿ ಅನ್ನಬೇಕು) ಬೆಳಗಿನ ಫಾಸ್ಟ್ ಲೋಕಲ್ಲಿನಲ್ಲಿ ಮೂರೂವರೆ ದಶಕ ಓಡಾಡಿದವನು ನಾನು. ಈ ಅವಧಿಯಲ್ಲಿ ರಾಜಕೀಯದ ಮಾತೇ ಬೇಡವೆನ್ನುವವರನ್ನು ನೋಡಿದ್ದೇನೆ, ಕ್ರಿಕೆಟ್ ಅಂದರೆ ಮುಖ ತಿರುಗಿಸುವವರನ್ನೂ ನೋಡಿದ್ದೇನೆ. ಆದರೆ ಟಿವಿ ಸೀರಿಯಲ್ಲುಗಳ ಬಗ್ಗೆ ಅಭಿಪ್ರಾಯವೇ ಇಲ್ಲದ ಒಬ್ಬ ಮನುಷ್ಯನನ್ನು ಮಾತ್ರ ನೋಡಿಲ್ಲ. ತಮಾಷೆಯೆಂದರೆ, ‘ನಾನು ಅದನ್ನೆಲ್ಲ ನೋಡೋದೇ ಇಲ್ಲ ಬಿಡಿ’ ಎಂದು ಶುರುಮಾಡಿದವರೇ ಠಾಣೆ ಬರುವ ತನಕ ಅದರ ಬಗ್ಗೆ ಮಾತಾಡುತ್ತಿದ್ದರು.

2022ರ ತನಕ ನಮ್ಮ ಫಾಸ್ಟ್ ಗಾಡಿಗಳು ಪಾರ್ಸಿಕ್ ಸುರಂಗದೊಳಗೆ ಹಾದುಹೋಗುತ್ತಿದ್ದವು. ಬ್ರಿಟಿಷರ ಕಾಲದ, ಒಂದೂಕಾಲು ಕಿಲೋಮೀಟರಿಗೂ ಉದ್ದದ ಸುರಂಗ ಅದು. 2016ರಲ್ಲಿ ಜಿಯೋ ಬಂದು ಇಂಟರ್ನೆಟ್ಟು ಅಗ್ಗವಾದ ಮೇಲೆ ಡಬ್ಬಿಯಲ್ಲಿ ಎಲ್ಲರ ಕೈಯಲ್ಲೂ ಒಂದೊಂದು ವೆಬ್ ಸರಣಿ. ಗಾಡಿ ಸುರಂಗ ಹೊಕ್ಕ ಕೂಡಲೇ ಸಿಗ್ನಲ್ ಹೋಗಿ ಚಿತ್ರ ನಿಂತುಬಿಡುತ್ತಿತ್ತು. ಆಗ ಪಕ್ಕದವನು ‘ಕಸಂ ಆಹೆ?’ ಅನ್ನುತ್ತಿದ್ದ. ಇವನು ಕಿವಿಯಿಂದ ಇಯರ್‌ಫೋನ್ ಕಿತ್ತು ‘ಬಕ್ವಾಸ್’ ಅನ್ನುತ್ತಿದ್ದ. ಸುರಂಗ ಮುಗಿದ ಮೇಲೆ ಚಿತ್ರ ಮತ್ತೆ ಓಡುತ್ತಿತ್ತು, ಹೇಳಿದ ತೀರ್ಪು ಮಾತ್ರ ಅಲ್ಲೇ ನಿಂತಿರುತ್ತಿತ್ತು.

ನಾನೂ ಇದೇ ಗುಂಪಿನವನೇ. ಅಭಿಪ್ರಾಯ ಹೇಳೋದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಹೇಳಿ ದಾದರಿನಲ್ಲೋ ಭಾಯಖಳಾದಲ್ಲೋ ಇಳಿದುಹೋದರೆ ಯಾರಿಗೇನು ನಷ್ಟ ಎಂದು ಬಹಳ ಕಾಲ ನಂಬಿಕೊಂಡಿದ್ದೆ. 2019ರಲ್ಲಿ ಅಂಥ ನನ್ನ ಒಂದು ಅಭಿಪ್ರಾಯಕ್ಕೆ ನನ್ನ ಮನೆಯಲ್ಲೇ ಒಬ್ಬರು ಬೆಲೆ ತೆತ್ತರು. ಅದನ್ನು ಹೇಳಿಕೊಳ್ಳದೆ ಸಮಾಧಾನವಿಲ್ಲ.

ಆ ವರ್ಷ ಫೆಬ್ರವರಿ 1ರಿಂದ ಟ್ರಾಯ್‌ನ ಹೊಸ ನಿಯಮ ಜಾರಿಗೆ ಬಂತು. ಅಲ್ಲಿಯವರೆಗೆ ಕೇಬಲ್ಲಿನವನು ಕೊಟ್ಟದ್ದನ್ನು ನೋಡುವುದು ನಮ್ಮ ಪಾಡಾಗಿತ್ತು. ಇನ್ನುಮುಂದೆ ಬೇಕಾದ ಚಾನೆಲ್ಲನ್ನು ಆರಿಸಿಕೊಂಡು ಅಷ್ಟಕ್ಕೇ ದುಡ್ಡು ಕೊಡಬಹುದು. ನೂರು ಚಾನೆಲ್ಲುಗಳ ಮೂಲ ಬಾಡಿಗೆ ಹೆಚ್ಚೆಂದರೆ 130 ರೂಪಾಯಿ, ತೆರಿಗೆ ಸೇರಿ 153. ದುಡ್ಡಿನ ಚಾನೆಲ್ಲುಗಳಿಗೆ ಬೇರೆ ಬೆಲೆ, ಜನಪ್ರಿಯವಾದವು ಸಾಮಾನ್ಯವಾಗಿ ತಿಂಗಳಿಗೆ 19 ರೂಪಾಯಿಯೊಳಗೆ. ಒಂದು ಭಾನುವಾರ ಬೆಳಿಗ್ಗೆ ನಾನು ಮನೆಯ ಯಜಮಾನನ ಗತ್ತಿನಲ್ಲಿ ಪಟ್ಟಿ ಹಿಡಿದು ಕೂತೆ. ಕ್ರಿಕೆಟ್ಟಿಗೆ ಟಿಕ್ಕು, ಸುದ್ದಿಗೆ ಟಿಕ್ಕು, ಹಿಂದಿಯ ಎರಡಕ್ಕೆ ಟಿಕ್ಕು. ಕನ್ನಡ ಮನರಂಜನೆಯ ಸಾಲು ಬಂದಾಗ ನಕ್ಕೆ. ‘ಇದನ್ನೆಲ್ಲ ತಲೆ ಸರಿ ಇರೋರು ನೋಡ್ತಾರಾ? ಚಂದನ ಹೇಗೂ ಬಿಟ್ಟಿ ಬರತ್ತೆ, ಸಾಕು’ ಅಂದೆ.

ಅಮ್ಮ ಅಲ್ಲೇ ನೆಲದ ಮೇಲೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಅಪ್ಪ ಹೋದ ಮೇಲೆ, 2016ರಲ್ಲಿ, ತೀರ್ಥಹಳ್ಳಿ ಕಡೆಯ ನಮ್ಮೂರಿನಿಂದ ಅವಳನ್ನು ನಾನೇ ಕರೆದುಕೊಂಡು ಬಂದಿದ್ದೆ. ತಲೆ ಎತ್ತದೆ, ‘ದುಡ್ಡು ಉಳಿಯತ್ತಲ್ಲ, ಒಳ್ಳೇದೇ ಆಯ್ತು’ ಅಂದಳು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ನಿಜ ಹೇಳಬೇಕೆಂದರೆ, ಅವಳು ನೋಡುತ್ತಿದ್ದ ಧಾರಾವಾಹಿಯನ್ನು ನಾನು ಒಂದು ದಿನವೂ ಸತತ ಹತ್ತು ನಿಮಿಷ ನೋಡಿರಲಿಲ್ಲ. ಆಫೀಸಿನಿಂದ ಬಂದು ಕಾಲು ತೊಳೆಯಲು ಹೋಗುವಾಗ ಒಂದು ಚೂರು, ಚಹಾ ಕುಡಿಯುವಾಗ ಇನ್ನೊಂದು ಚೂರು. ಅಷ್ಟರಲ್ಲೇ ತೀರ್ಮಾನ ಮುಗಿದಿತ್ತು. ಅದೇ ವರ್ಷ ಜುಲೈಯಲ್ಲಿ ನೆಟ್‌ಫ್ಲಿಕ್ಸಿನವರು ಮೊಬೈಲಿಗೆಂದೇ 199 ರೂಪಾಯಿಯ ಯೋಜನೆ ತಂದಾಗ ಹಿಂದೆಮುಂದೆ ನೋಡದೆ ತೆಗೆದುಕೊಂಡೆ. ಐದು ಸರಣಿ ಶುರುಮಾಡಿ ಒಂದನ್ನು ಮುಗಿಸಿದೆ. ಹತ್ತೊಂಬತ್ತು ರೂಪಾಯಿಗೆ ಲೆಕ್ಕ ಕೇಳಿದವನು ಇದಕ್ಕೆ ಕೇಳಲಿಲ್ಲ.

ಅಮ್ಮ ಸಂಜೆ ಹೊತ್ತು ‘ಕಾಲಾಡಿಸಿಕೊಂಡು ಬರ್ತೇನೆ’ ಎಂದು ಹೊರಗೆ ಹೋಗುವುದನ್ನು ಅಭ್ಯಾಸ ಮಾಡಿಕೊಂಡಳು. ಆರೋಗ್ಯಕ್ಕೆ ಒಳ್ಳೆಯದು ಎಂದು ನಾವೂ ಖುಷಿಪಟ್ಟೆವು. ಮಳೆಗಾಲದ ಒಂದು ದಿನ, ಗಾಡಿಗಳು ನಿಂತುಹೋಗುವ ಸೂಚನೆ ಕಂಡು ಬೇಗ ಹೊರಟು ಬಂದೆ. ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತುವಾಗ ಮೊದಲನೇ ಮಹಡಿಯ ಒಂದು ಬಾಗಿಲ ಹೊರಗೆ ಅಮ್ಮನ ಚಪ್ಪಲಿ ಕಂಡಿತು. ಕುಂದಾಪುರ ಕಡೆಯವರ ಮನೆ ಅದು, ಯಜಮಾನರು ಠಾಣೆಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ಅರ್ಧ ತೆರೆದ ಬಾಗಿಲೊಳಗೆ ಅಮ್ಮ ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ ಕೂತು ಟಿವಿ ನೋಡುತ್ತಿದ್ದಳು. ನನ್ನನ್ನು ಕಂಡವಳೇ ತಟ್ಟನೆ ಎದ್ದು ನಿಂತಳು. ಎಪ್ಪತ್ತೇಳು ವರ್ಷದವಳು, ಮೇಷ್ಟ್ರ ಕಣ್ಣಿಗೆ ಬಿದ್ದ ಹುಡುಗಿಯ ಹಾಗೆ. ‘ಸುಮ್ಮನೆ ಬಂದಿದ್ದೆ ಮಾರಾಯ, ಬಾಯಾರಿಕೆ ಆಯ್ತು’ ಅಂದಳು.

ಮರುದಿನವೇ ನಾನು ಆ ಚಾನೆಲ್ಲನ್ನು ವಾಪಸು ಹಾಕಿಸಬಹುದಿತ್ತು. ಹಾಕಿಸಲಿಲ್ಲ. ಹಾಕಿಸಿದರೆ ಅವಳ ಸುಳ್ಳನ್ನು ಹಿಡಿದಂತೆ ಆಗುತ್ತದೆ, ಅವಳಿಗೆ ನಾಚಿಕೆಯಾಗುತ್ತದೆ ಎಂದು ನನಗೆ ನಾನೇ ಕಾರಣ ಹೇಳಿಕೊಂಡೆ. ಅದು ಪೊಳ್ಳು. ಅಸಲು ಕಾರಣ, ಹಾಕಿಸಿದರೆ ನಾನು ಅಂದದ್ದು ತಪ್ಪಾಗುತ್ತದೆ ಎನ್ನುವುದು. ಅಷ್ಟು ಹಗುರಾಗಿ ಹುಟ್ಟಿದ ಮಾತು ಹಿಂತೆಗೆದುಕೊಳ್ಳುವಾಗ ಯಾಕೆ ಇಷ್ಟು ಭಾರವಾಗುತ್ತದೋ!

ಊರಿನಲ್ಲಿರುವ ನಿಮಗೆ ಇದು ದೊಡ್ಡ ಸಂಗತಿ ಅನ್ನಿಸದೆ ಹೋದೀತು. ಊರಲ್ಲಿ ಟಿವಿ ಆರಿಸಿದರೂ ಕನ್ನಡ ನಿಲ್ಲುವುದಿಲ್ಲ. ಹಾಲಿನವನು, ಬಸ್ಸಿನ ಕಂಡಕ್ಟರು, ಬೇಲಿಯಾಚೆಯ ಜಗಳ, ಎಲ್ಲದರಲ್ಲೂ ಅದು ಮನೆಯೊಳಗೆ ಬರುತ್ತಲೇ ಇರುತ್ತದೆ. ಡೊಂಬಿವಲಿಯಲ್ಲಿ ಕನ್ನಡ ಸಂಘಗಳುಂಟು, ಕನ್ನಡಿಗರು ಬೇಕಾದಷ್ಟಿದ್ದಾರೆ. ಆದರೆ ಮಧ್ಯಾಹ್ನ ಎರಡು ಗಂಟೆಗೆ ನಾವೆಲ್ಲ ಕೆಲಸಕ್ಕೋ ಕಾಲೇಜಿಗೋ ಹೋದ ಮೇಲೆ ಎರಡು ಕೋಣೆಯ ಮನೆಯಲ್ಲಿ ಕೂತ ಮುದುಕಿಗೆ ಕಿಟಕಿಯಿಂದ ಕೇಳುವುದು ಭಾಜಿವಾಲಾನ ಕೂಗು. ಅವಳ ಪಾಲಿಗೆ ಧಾರಾವಾಹಿಯ ಕತೆ ಆಮೇಲಿನದು. ಸೊಸೆಯನ್ನು ಬೈಯುವ ಅತ್ತೆಯಾದರೂ ಅವಳ ಭಾಷೆಯಲ್ಲಿ ಬೈಯುತ್ತಿದ್ದಳಲ್ಲ!

ಇದು ನನಗೆ ಅರ್ಥವಾಗದ ವಿಷಯವೇನಲ್ಲ. 1987ರಲ್ಲಿ, ನಾನು ಈ ಊರಿಗೆ ಬಂದ ಮರುವರ್ಷ, ದೂರದರ್ಶನದಲ್ಲಿ ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಬರುತ್ತಿತ್ತು. ಕಲ್ಯಾಣದ ಒಂದು ಚಾಳಿನಲ್ಲಿ ಐದು ಜನ ಹುಡುಗರು ಒಟ್ಟಿಗಿದ್ದೆವು, ಟಿವಿ ಇದ್ದದ್ದು ಎದುರುಮನೆಯ ಮರಾಠಿ ಕುಟುಂಬದಲ್ಲಿ. ಸ್ವಾಮಿ ಹಿಂದಿಯಲ್ಲಿ ಮಾತಾಡುತ್ತಿದ್ದ, ಗಿರೀಶ ಕಾರ್ನಾಡರು ಹಿಂದಿಯಲ್ಲೇ ಗದರುತ್ತಿದ್ದರು. ನನಗೆ ಅದಾವುದೂ ಮುಖ್ಯವಾಗಿರಲಿಲ್ಲ. ಅದನ್ನು ಚಿತ್ರೀಕರಿಸಿದ್ದು ಆಗುಂಬೆಯಲ್ಲಿ, ನಮ್ಮೂರಿನಿಂದ ಒಂದು ಬಸ್ಸಿನ ದೂರ. ಆ ಹೆಂಚಿನ ಮನೆಗಳನ್ನು ನೋಡುತ್ತಾ ಗಂಟಲು ಕಟ್ಟಿಕೊಂಡು ಕೂತಿರುತ್ತಿದ್ದೆ. ಮುಗಿದ ಮೇಲೆ ‘ಕಲಾಕೃತಿ ಅಂದರೆ ಇದು’ ಎಂದು ದೊಡ್ಡ ಮಾತು ಆಡುತ್ತಿದ್ದೆ. ಅದು ಒಳ್ಳೆಯ ಕೃತಿ ಹೌದು, ಅನುಮಾನವಿಲ್ಲ. ಆದರೆ ನಾನು ನೋಡಿದ್ದು ಕೃತಿಯನ್ನಲ್ಲ, ಊರನ್ನು. ಅಮ್ಮ ಮಾಡುತ್ತಿದ್ದುದೂ ಅದನ್ನೇ. ನನ್ನದು ಅಭಿರುಚಿ, ಅವಳದು ತಲೆ ಸರಿಯಿಲ್ಲದ್ದು ಎಂದು ಹೆಸರಿಟ್ಟವನು ನಾನು.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂತು. ಮೊದಲನೇ ಮಹಡಿಯ ಬಾಗಿಲು ಮುಚ್ಚಿತು. 28ರಿಂದ ದೂರದರ್ಶನದವರು ರಮಾನಂದ ಸಾಗರರ ‘ರಾಮಾಯಣ’ವನ್ನು ಮತ್ತೆ ಹಾಕಿದರು. ಅಮ್ಮನಿಗೆ ಹಿಂದಿ ಬಾರದು, ಆದರೂ ಎರಡು ಹೊತ್ತೂ ಕೂತು ನೋಡಿದಳು. ‘ರಾಮಾಯಣಕ್ಕೆ ಭಾಷೆ ಎಂತಕ್ಕೆ ಬೇಕು, ಕತೆ ಗೊತ್ತೇ ಇದೆಯಲ್ಲ’ ಅಂದೆ ನಾನು, ನಗಿಸುವ ಹಾಗೆ. ಅಮ್ಮ ನಗಲಿಲ್ಲ. ‘ಕೈಕೇಯಿ ಎಂತ ಕೇಳಿದಳು ಅಂತ ಗೊತ್ತು ಮಗಾ. ಹೇಗೆ ಕೇಳಿದಳು ಅಂತ ಗೊತ್ತಾಗ್ಲಿಲ್ಲ’ ಅಂದಳು.

ಆ ರಾತ್ರಿಯೇ ಮೊಬೈಲಿನಲ್ಲಿ ಕನ್ನಡ ಚಾನೆಲ್ಲಿಗೆ ಟಿಕ್ಕು ಹಾಕಿದೆ. ಒಂದು ವರ್ಷದ ಮೇಲೆ. ಚಿತ್ರೀಕರಣ ನಿಂತಿದ್ದರಿಂದ ಹಳೆಯ ಕಂತುಗಳೇ ಮರುಪ್ರಸಾರವಾಗುತ್ತಿದ್ದವು. ‘ಒಳ್ಳೇದೇ ಆಯ್ತು, ತಪ್ಪಿಹೋದದ್ದೆಲ್ಲ ಸಿಕ್ತು’ ಅಂದಳು ಅಮ್ಮ. ನನ್ನ ತಪ್ಪಿನ ಬಗ್ಗೆ ಅವಳು ಆಡಿದ ಮಾತು ಅಷ್ಟೇ. ಆಗಲೂ ಅದು ನನ್ನ ಬಗ್ಗೆ ಆಗಿರಲಿಲ್ಲವೇನೋ.

ಬೇರೆ ಕೆಲಸವಿಲ್ಲದ್ದರಿಂದ ಮೂರು ವಾರ ನಾನೂ ಪಕ್ಕದಲ್ಲಿ ಕೂತು ಪೂರ್ತಿ ನೋಡಿದೆ. ಈಗ ನನ್ನ ಮನಸ್ಸು ಬದಲಾಗಿ ಅದು ಚೆನ್ನಾಗಿ ಕಂಡಿತು ಎಂದರೆ ಈ ಕತೆ ಸುಖಾಂತವಾದೀತು. ಹಾಗೇನೂ ಆಗಲಿಲ್ಲ. ಅದು ಕೆಟ್ಟದಾಗಿಯೇ ಇತ್ತು. ಒಬ್ಬಳು ಒಂದು ಮಾತು ಅಂದರೆ ಎಂಟು ಜನರ ಮುಖ ತೋರಿಸಿ ಗುಡುಗಿನ ಸದ್ದು ಹಾಕುತ್ತಿದ್ದರು. ಆದರೆ ಅದನ್ನು ನನಗಿಂತ ಚೆನ್ನಾಗಿ ಬಲ್ಲವಳು ಅಮ್ಮ. ‘ಈ ಹುಡುಗಿ ಮೊದಮೊದಲು ಹೀಗಿರಲಿಲ್ಲ, ಬರೆಯೋರು ಬದಲಾದ್ರು ಅಂತ ಕಾಣತ್ತೆ’ ಅನ್ನುವಳು. ‘ಸೀತಾರಾಮರ ಮಾಯಾಮೃಗದಲ್ಲಿ ಒಬ್ಬರು ಮಾತಾಡಿದ್ರೆ ಇನ್ನೊಬ್ಬರು ಕೇಳಿಸಿಕೊಳ್ತಿದ್ರು. ಇಲ್ಲಿ ಯಾರೂ ಯಾರ ಮಾತನ್ನೂ ಕೇಳೋದೇ ಇಲ್ಲ ನೋಡು’ ಅನ್ನುವಳು. ನಾನು ಒಂದು ವರ್ಷದ ಹಿಂದೆ ‘ತಲೆ ಸರಿ ಇಲ್ಲ’ ಅಂದದ್ದು ಮನೆಯಲ್ಲಿದ್ದ ಒಬ್ಬಳೇ ವಿಮರ್ಶಕಿಯ ಬಗ್ಗೆ.

ಹಾಗಾದರೆ ‘ಅವರವರ ರುಚಿ ಅವರವರದು’ ಎಂದು ಕೈತೊಳೆದುಕೊಳ್ಳಬೇಕೋ? ನನಗೆ ಹಾಗನ್ನಿಸುವುದಿಲ್ಲ. ಒಳ್ಳೆಯದು ಕೆಟ್ಟದ್ದು ಎಂಬುದು ಇದೆ, ಅದನ್ನು ಹೇಳಲೂಬೇಕು. ಹೇಳದೆ ಹೋದರೆ ಗುಡುಗಿನ ಸದ್ದು ಹಾಕುವವರಿಗೇ ಅನುಕೂಲ. ಆದರೆ ಹೇಳುವ ಹಕ್ಕು ಪೂರ್ತಿ ನೋಡಿದವನಿಗೆ ಇರುವಷ್ಟು ಸುರಂಗದಲ್ಲಿ ಸಿಗ್ನಲ್ ಹೋದವನಿಗೆ ಇಲ್ಲ. ಇನ್ನು ಕೃತಿ ಕೆಟ್ಟದು ಅನ್ನುವುದು ಬೇರೆ, ನೋಡುವವಳು ಕೀಳು ಅನ್ನುವುದು ಬೇರೆ. ಮೊದಲನೆಯದನ್ನು ಹೇಳುತ್ತಿದ್ದೇನೆ ಎಂದುಕೊಂಡು ನಾವು ಬಹಳ ಸಲ ಎರಡನೆಯದನ್ನೇ ಹೇಳಿಬಿಡುತ್ತೇವೆ. ಕೃತಿಗೆ ಅದು ತಾಗುವುದಿಲ್ಲ, ಅದು ಬೆಂಗಳೂರಿನಲ್ಲಿ ಎಲ್ಲೋ ತಯಾರಾಗುತ್ತಿರುತ್ತದೆ. ತಾಗುವುದು ಪಕ್ಕದಲ್ಲಿ ಕೂತು ಹುಣಸೆಬೀಜ ತೆಗೆಯುತ್ತಿರುವವಳಿಗೆ.

ನೋಡದೆ ಬೈಯುವುದು ಮಾತ್ರವಲ್ಲ, ನೋಡದೆ ಹೊಗಳುವುದೂ ಅದೇ ಜಾತಿಯದು ಎಂದು ಗೊತ್ತಾಗಲು ನನಗೆ ಇನ್ನೂ ನಾಲ್ಕು ವರ್ಷ ಬೇಕಾಯಿತು. 2024ರ ಜುಲೈಯಲ್ಲಿ ‘ಏಕಂ’ ಎಂಬ ಕನ್ನಡ ಸರಣಿ ಬಂತು. ಕರಾವಳಿಯ ಏಳು ಕತೆಗಳು. ರಕ್ಷಿತ್ ಶೆಟ್ಟರ ಸಂಸ್ಥೆ ನಿರ್ಮಿಸಿದ್ದು. ದೊಡ್ಡ ಒಟಿಟಿಗಳು ಯಾವುವೂ ತೆಗೆದುಕೊಳ್ಳದೆ ಕಾದು ಕಾದು, ಕೊನೆಗೆ ಅವರು ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಿದರು. ವಾಶಿಯಲ್ಲಿ ಕನ್ನಡದ ಕಾರ್ಯಕ್ರಮವೊಂದರಲ್ಲಿ ನಾನು ಈ ಸುದ್ದಿ ಎತ್ತಿಕೊಂಡು, ಕನ್ನಡಕ್ಕೆ ಆದ ಅನ್ಯಾಯದ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಚಪ್ಪಾಳೆಯೂ ಬಿತ್ತು. ಐರೋಳಿಯಲ್ಲಿ ಕೆಲಸ ಮಾಡುವ ಮಗಳು ಬಂದಿದ್ದಳು. ಕೊರಿಯಾದ ಸರಣಿಗಳನ್ನು ಅಡಿಬರಹ ಓದಿಕೊಂಡು ನೋಡುವವಳು, ಕನ್ನಡದ್ದನ್ನು ಐದು ನಿಮಿಷಕ್ಕೆ ‘ಬೋರ್’ ಎಂದು ಬಿಡುವವಳು. ಅದಕ್ಕಾಗಿ ನನ್ನ ಹತ್ತಿರ ಬೈಸಿಕೊಂಡೂ ಇದ್ದಾಳೆ. ವಾಪಸು ಬರುವಾಗ ಟ್ರೈನಿನಲ್ಲಿ ಕೇಳಿದಳು, ‘ಹೇಗಿದೆ ಪಪ್ಪಾ ಅದು?’

ನಾನು ನೋಡಿರಲಿಲ್ಲ. ಅದಕ್ಕೆ ದುಡ್ಡು ಕೊಟ್ಟಿರಲಿಲ್ಲ. ಕೊಳ್ಳುವವರಿಲ್ಲ ಎಂದು ಭಾಷಣ ಮಾಡಿದವನೇ ಕೊಂಡಿರಲಿಲ್ಲ. ಆ ರಾತ್ರಿ ಇಬ್ಬರೂ ಕೂತು ಮೊದಲ ಕತೆ ನೋಡಿದೆವು, ಆಮೇಲಿನ ವಾರಗಳಲ್ಲಿ ಉಳಿದ ಆರನ್ನು. ಕೆಲವು ನನಗೆ ಹಿಡಿಸಿದವು, ಕೆಲವು ಅವಳಿಗೆ. ಒಂದರ ಬಗ್ಗೆ ಜಗಳವೇ ಆಯಿತು. ಇಬ್ಬರೂ ಪೂರ್ತಿ ನೋಡಿ ಆಡಿದ ಜಗಳವಾದ್ದರಿಂದ ಅದರಲ್ಲೊಂದು ಸುಖವಿತ್ತು.

ಅಮ್ಮ 2022ರಲ್ಲೇ ಊರಿಗೆ ಹೋದಳು, ಈಗ ತಮ್ಮನ ಮನೆಯಲ್ಲಿದ್ದಾಳೆ. ಅಲ್ಲಿ ಟಿವಿ ಅಷ್ಟೇನೂ ನೋಡುವುದಿಲ್ಲವಂತೆ, ಮಾತಾಡಲು ಜನ ಇದ್ದಾರೆ. ಇಲ್ಲಿ ಕನ್ನಡ ಚಾನೆಲ್ ಇನ್ನೂ ಬರುತ್ತಿದೆ. ಪ್ರತಿ ಸಲ ದುಡ್ಡು ಕಟ್ಟುವಾಗಲೂ ಹೆಂಡತಿ ಕೇಳುತ್ತಾಳೆ, ‘ಯಾರು ನೋಡ್ತಾರೆ ಅಂತ ಇಟ್ಕೊಂಡಿದೀರಿ? ತೆಗೆಸಿಬಿಡಿ.’

ನೋಡೋಣ, ಅನ್ನುತ್ತೇನೆ.