ಬಾಯಿ ಮುಂದೆ, ಮನಸ್ಸು ಹಿಂದೆ

ಮನಸ್ಸಿನಲ್ಲಿ ಇಲ್ಲದ್ದನ್ನು ಬಾಯಲ್ಲಿ ಹೇಳಬೇಡಿ. ಹಾಗೆ ಪ್ರಾರ್ಥಿಸುವುದಕ್ಕಿಂತ ಮನೆಯಲ್ಲಿ ಮಲಗಿರುವುದು ಹೆಚ್ಚು ಪ್ರಾಮಾಣಿಕ. ಈ ಉಪದೇಶ ಈಗ ನಮ್ಮ ಕ್ರೈಸ್ತ ವಲಯದಲ್ಲಿ ಕಿವಿ ತೂತಾಗುವಷ್ಟು ಕೇಳಿಬರುತ್ತಿದೆ. ಯುವಕೂಟದ ಶಿಬಿರಗಳಲ್ಲಿ ಗಿಟಾರ್ ಹಿಡಿದವರು ಇದನ್ನು ಹೇಳುತ್ತಾರೆ, ದೇವರ ಹೆಸರೆತ್ತಿದರೆ ಮುಖ ಸಿಂಡರಿಸುವವರೂ ಹೇಳುತ್ತಾರೆ. ಬೆಂಗಳೂರಿನಲ್ಲಿ ಓದುವ ನನ್ನ ತಂಗಿಯ ಮಗಳು ಕ್ರಿಸ್ಮಸ್ ರಜೆಗೆ ಊರಿಗೆ ಬಂದವಳು ಆರಾಧನೆಗೆ ಮಾತ್ರ ಬರಲಿಲ್ಲ. "ಅರ್ಧ ನಂಬಿಕೆ ಇಟ್ಟುಕೊಂಡು ವಿಶ್ವಾಸಪ್ರಮಾಣ ಪೂರ್ತಿ ಹೇಳುವುದು ಸುಳ್ಳಲ್ವಾ ಮಾವ?" ಎಂದಳು. ಅವಳು ಚಿಕ್ಕವಳು, ಕೇಳಲಿ. ನನಗೆ ಸಿಟ್ಟು ಬರುವುದು ಈ ಮಾತಿನ ಹಿಂದಿರುವ ಲೆಕ್ಕದ ಮೇಲೆ. ಒಳಗಿನದೆಲ್ಲ ನಿಜ, ಹೊರಗಿನದೆಲ್ಲ ವೇಷ. ಎರಡೂ ತಾಳೆಯಾಗದಿದ್ದರೆ ಹೊರಗಿನದನ್ನು ಕಳಚಿಹಾಕಬೇಕು. ಒಳಗಿನದೇ ಕೆಟ್ಟಿರಬಹುದು, ಅದನ್ನು ತಿದ್ದಿಕೊಳ್ಳಬಹುದು ಎಂಬ ಯೋಚನೆ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

ಸತ್ಯ, ಸುಳ್ಳಿನ ಬಗ್ಗೆ ಕ್ರೈಸ್ತ ಲೋಕದಲ್ಲಿ ಗ್ರಂಥಗಳಿಗೇನೂ ಕೊರತೆಯಿಲ್ಲ. ಆಗಸ್ಟಿನ್ ಸುಳ್ಳಿನಲ್ಲಿ ಎಂಟು ಬಗೆ ಎಣಿಸಿದ. ಕೊಲೆ ಮಾಡಲು ಬಂದವನಿಗೂ ಸುಳ್ಳು ಹೇಳಬಾರದು ಎಂದು ಕಾಂಟ್ ಹಟ ಹಿಡಿದ. ಇಬ್ಬರನ್ನು ಓದುವಾಗಲೂ ನನಗೆ ಆಕಳಿಕೆ ಬರುತ್ತದೆ. ನಿದ್ದೆ ಕೆಡಿಸುವವನು ಕೋಪನ್‌ಹೇಗನ್ನಿನ ಸೋರೆನ್ ಕೀರ್ಕೆಗಾರ್ಡ್. ನಮ್ಮ ಹುಡುಗಿ ಅರೆಮನಸ್ಸಿನಿಂದ ಹೇಳಿದ್ದನ್ನು ಅವನು ಜೀವ ಒತ್ತೆಯಿಟ್ಟು ಹೇಳಿದ.

1854ರ ಜನವರಿಯಲ್ಲಿ ಅಲ್ಲಿನ ಬಿಷಪ್ ಮಿನ್ಸ್ಟರ್ ತೀರಿಕೊಂಡ. ಶ್ರದ್ಧಾಂಜಲಿಯ ಪ್ರಸಂಗದಲ್ಲಿ ಮಾರ್ಟೆನ್ಸೆನ್ ಎಂಬ ಪಂಡಿತ ಆತನನ್ನು ಸತ್ಯದ ಸಾಕ್ಷಿಗಳ ಸಾಲಿಗೆ ಸೇರಿಸಿದ. ಕೆಲವೇ ತಿಂಗಳಲ್ಲಿ ಬಿಷಪ್ಪನ ಪೀಠವೂ ಅವನಿಗೇ ಸಿಕ್ಕಿತು. ಕೀರ್ಕೆಗಾರ್ಡನ ಪ್ರಕಾರ ಸತ್ಯಕ್ಕೆ ಸಾಕ್ಷಿಯಾದವರೆಂದರೆ ಕಲ್ಲೇಟು ತಿಂದವರು, ಶಿಲುಬೆಗೇರಿದವರು. ಒಳ್ಳೆಯ ಸಂಬಳ, ಅರಮನೆಯ ಮರ್ಯಾದೆ, ಕೇಳುಗರ ಕಣ್ಣು ಒದ್ದೆ ಮಾಡುವ ನಾಲಿಗೆ ಇದ್ದವನು ಆ ಸಾಲಿಗೆ ಹೇಗೆ ಬಂದ? ಡಿಸೆಂಬರ್ 18ರಂದು ಕೀರ್ಕೆಗಾರ್ಡನ ಲೇಖನ ಪತ್ರಿಕೆಯಲ್ಲಿ ಸಿಡಿಯಿತು. ಮರುವರ್ಷ 'ಕ್ಷಣ' ಎಂಬ ಸ್ವಂತ ಪತ್ರಿಕೆ ತೆಗೆದು ಒಂಬತ್ತು ಸಂಚಿಕೆಗಳನ್ನು ಹೊರತಂದ. ಡೆನ್ಮಾರ್ಕಿನಲ್ಲಿ ಹುಟ್ಟಿದ ಮಾತ್ರಕ್ಕೆ ಎಲ್ಲರೂ ಕ್ರೈಸ್ತರು, ಪಾದ್ರಿಯೆಂದರೆ ಸರ್ಕಾರಿ ನೌಕರ. ಹೊಸ ಒಡಂಬಡಿಕೆಯ ಕ್ರೈಸ್ತ ಧರ್ಮ ಇಲ್ಲಿ ಇಲ್ಲವೇ ಇಲ್ಲ. ನನಗೆ ಬೇಕಾದ್ದು ಪ್ರಾಮಾಣಿಕತೆ, ಅಷ್ಟೇ ಎಂದ. ಕ್ರಿಸ್ತ ಕೇಳಿದ್ದು ನಮ್ಮಿಂದಾಗದು ಎಂದಾದರೂ ಒಪ್ಪಿಕೊಳ್ಳಿ. ಈಗ ನಡೆಯುತ್ತಿರುವ ಆರಾಧನೆಗೆ ಹೋಗುವುದನ್ನು ಬಿಟ್ಟರೆ ನಿಮ್ಮ ತಲೆಯ ಮೇಲಿನ ಪಾಪಗಳಲ್ಲಿ ದೊಡ್ಡದೊಂದು ಕಡಿಮೆಯಾಗುತ್ತದೆ ಎಂದೂ ಬರೆದ.

ಹೀಗೆಂದವನು ಎಂಥ ಮನುಷ್ಯ? 1841ರಲ್ಲಿ ರೆಗೀನೆ ಓಲ್ಸೆನ್ ಜೊತೆಗಿನ ನಿಶ್ಚಿತಾರ್ಥ ಮುರಿದಾಗ, ತನ್ನ ಮೇಲೆ ಅವಳಿಗೆ ಜಿಗುಪ್ಸೆ ಹುಟ್ಟಲಿ, ಬಿಟ್ಟುಹೋಗುವುದು ಅವಳಿಗೆ ಸುಲಭವಾಗಲಿ ಎಂದು ಲಫಂಗನ ಹಾಗೆ ನಟಿಸಿದವನು. ದೊಡ್ಡ ಪುಸ್ತಕಗಳನ್ನು ಕಲ್ಪಿತ ಹೆಸರುಗಳಲ್ಲಿ ಪ್ರಕಟಿಸಿ, ಭ್ರಮೆಯಲ್ಲಿರುವವರನ್ನು ವಂಚಿಸಿಯಾದರೂ ಸತ್ಯದ ಕಡೆ ತರಬೇಕಾಗುತ್ತದೆ ಎಂದು ಸಮರ್ಥಿಸಿಕೊಂಡವನು. ಮಿನ್ಸ್ಟರ್ ತಂದೆಯ ಗುರು ಎಂಬ ಮುಲಾಜಿಗೆ ಆತ ಬದುಕಿರುವಷ್ಟು ದಿನ ನೇರವಾಗಿ ಮೈಮೇಲೆ ಬೀಳದೆ ಕಾದವನು. ಸಂಬಳದ ಪಾದ್ರಿಗಳನ್ನು ಜಾಡಿಸಿದ ಇವನ ಮನೆಯ ಒಲೆ ಉರಿದದ್ದೂ ವ್ಯಾಪಾರಿ ಅಪ್ಪ ಬಿಟ್ಟುಹೋದ ಆಸ್ತಿಯಿಂದ. ಇದು ಅಗ್ಗದ ಏಟು, ಗೊತ್ತು. ಆದರೆ ರೆಗೀನೆಯ ಮುಂದೆ ಅವನಾಡಿದ ನಾಟಕದಲ್ಲಿ ಪ್ರೀತಿಯಿತ್ತು ಎಂದೇ ನಾನು ನಂಬಿದ್ದೇನೆ. ಒಳಗಿಲ್ಲದ್ದನ್ನು ಹೊರಗೆ ತೋರಿಸಿದ ಮಾತ್ರಕ್ಕೆ ಕಪಟವಾಗುವುದಿಲ್ಲ ಎನ್ನುವುದಕ್ಕೆ ಅವನನ್ನೇ ಸಾಕ್ಷಿಗೆ ಕರೆಯಬಹುದು.

ನನ್ನ ಮುತ್ತಜ್ಜನಿಗೆ ಅಪ್ಪನ ಆಸ್ತಿ ಇರಲಿಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ನಮ್ಮ ಕಡೆ ಅವರ ಸಭೆಗೆ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಸೇರಿದವರಿಗೆ ಜಾತಿ ಹೋಯಿತು; ಸೇಂದಿ ಇಳಿಸುವುದು ಮಿಷನ್ನಿಗೆ ಸಲ್ಲದ ಕಸುಬಾದ್ದರಿಂದ ಹೊಟ್ಟೆಪಾಡೂ ಹೋಯಿತು. ಅವರಿಗೆ ಕೆಲಸ ಕೊಡಲೆಂದೇ ನೇಯ್ಗೆ ಶುರುವಾಯಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಎದ್ದಿತು. ಮುತ್ತಜ್ಜ ಹಂಚು ಒಣಹಾಕುವ ಕೆಲಸಕ್ಕೆ ಸೇರಿದ. ಗಂಜಿಗಾಗಿ ಸೇರಿದವನು ಎಂದು ಊರು ಆಡಿಕೊಂಡಿತು. ಇವನ ಮನಸ್ಸು ನಿಜಕ್ಕೂ ತಿರುಗಿದೆಯೇ ಎಂದು ಪಾದ್ರಿಯೂ ಕೆದಕಿ ನೋಡಿದರಂತೆ. ಅವನ ಒಳಗೆ ಏನಿತ್ತೋ ನಾನರಿಯೆ, ಅವನಿಗೇ ಪೂರ್ತಿ ಗೊತ್ತಿತ್ತೆಂದೂ ಹೇಳಲಾರೆ. ಹಸಿವನ್ನೂ ಭಕ್ತಿಯನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಇಟ್ಟುಕೊಳ್ಳುವುದು ಉಳ್ಳವರಿಗೆ ಮಾತ್ರ ಸಾಧ್ಯ. ಕರ್ನಾಟಕದ 2022ರ ಮತಾಂತರ ಕಾಯ್ದೆಯೂ ಪಾದ್ರಿಯ ಆ ಕೆಲಸವನ್ನೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ವಹಿಸಿತು. ಮತ ಬದಲಿಸುವವನು 30 ದಿನ ಮೊದಲೇ ತಿಳಿಸಬೇಕು ಎಂದಿತು. ಯಾರಾದರೂ ಆಕ್ಷೇಪಿಸಿದರೆ ಅವನ ನಿಜವಾದ ಉದ್ದೇಶವೇನೆಂದು ಅಧಿಕಾರಿಗಳು ವಿಚಾರಣೆ ನಡೆಸಬೇಕು ಎಂದೂ ಹೇಳಿತು. ಅಂತರಂಗದ ಪಂಚನಾಮೆ! ಕೀರ್ಕೆಗಾರ್ಡ್ ಹೀಗೆ ಇತರರ ಒಳಗನ್ನು ಕೆದಕುವ ಗುಂಪಿನವನಲ್ಲ. ತನ್ನನ್ನು ಕ್ರೈಸ್ತನೆಂದು ಕರೆದುಕೊಳ್ಳುವುದಕ್ಕೂ ಅವನು ಒಪ್ಪಲಿಲ್ಲ. ಆದರೂ ಒಳಗಿನ ಸತ್ಯವನ್ನು ತೋರಿಸು ಎಂಬ ಕೂಗು ಒಮ್ಮೆ ಬೀದಿಗೆ ಬಂದರೆ ಅದನ್ನು ಯಾರು ಬೇಕಾದರೂ ಎತ್ತಿಕೊಳ್ಳುತ್ತಾರೆ.

ನನ್ನ ಸ್ವಂತ ವಾದ ಸರಳ. ಪ್ರಾರ್ಥನೆ ಎಂದರೆ ನನ್ನ ಒಳಗಿನ ವರದಿ ಒಪ್ಪಿಸುವುದಲ್ಲ. ದೇವರ ಚಿತ್ತ ನಡೆಯಲಿ ಎಂದು ಬೇಡುವವನು ಅದು ತನಗೆ ಇಷ್ಟವಾಗಿದೆ ಎಂದು ಹೇಳುತ್ತಿಲ್ಲ, ಇಷ್ಟವಾಗುವಂತೆ ಮಾಡು ಎಂದು ಕೇಳುತ್ತಿದ್ದಾನೆ. ಅಣ್ಣ ತೀರಿಕೊಂಡ ಮೇಲೆ ಬಹಳ ಕಾಲ ನನಗೆ ದೇವರಿದ್ದಾನೆಂದು ಅನ್ನಿಸುತ್ತಿರಲಿಲ್ಲ. ಆದರೂ ಗಾಯನ ತಂಡ ಬಿಡಲಿಲ್ಲ. ಟೆನರ್ ಹಾಡಲು ಜನ ಸಾಲುತ್ತಿರಲಿಲ್ಲ, ಅದೇ ನಿಜವಾದ ಕಾರಣ. ಪಕ್ಕದಲ್ಲಿ ನಿಂತವರು ನಂಬಿದ್ದಕ್ಕೆ ನಾನು ಸ್ವರ ಸೇರಿಸಿದೆ. ಅದನ್ನು ಸುಳ್ಳು ಎನ್ನಲು ನಾನು ತಯಾರಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಗೆಲುವು ನನ್ನದು. ಆದರೆ ಹಾಡಿನ ಮಾತು ಬೇರೆ, ಕೈಯ ಮಾತು ಬೇರೆ. ದಕ್ಷಿಣ ಭಾರತ ಸಭೆಯ 1950ರ ಆರಾಧನಾ ಕ್ರಮದಿಂದ ಬಂದ ಒಂದು ಪದ್ಧತಿ ನಮ್ಮಲ್ಲಿದೆ: ಕರ್ತನ ಭೋಜನದ ಹೊತ್ತಿನಲ್ಲಿ ಒಬ್ಬರ ಕೈಯನ್ನೊಬ್ಬರು ಹಿಡಿದು ಸಮಾಧಾನವನ್ನು ದಾಟಿಸುವುದು. ದೊಡ್ಡಪ್ಪನ ಮಗನಿಗೂ ನನಗೂ ಹಿತ್ತಲಿನ ಪಾಲಿನ ವ್ಯಾಜ್ಯ ಕೋರ್ಟಿನಲ್ಲಿದೆ. ಭಾನುವಾರ ಅವನಿಗೆ ಕೈ ಕೊಡುತ್ತೇನೆ, ಸೋಮವಾರ ನಮ್ಮ ವಕೀಲರು ವಾಯಿದೆ ಕೇಳುತ್ತಾರೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ರಾಜಿಯಾಗು ಎಂದು ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯಲ್ಲಿದೆ. ಅಂದರೆ ಎದ್ದು ಹೊರಗೆ ಹೋಗು ಎಂದೇ ಅರ್ಥ. ಅದೇ ಮತ್ತಾಯನಲ್ಲಿ ಇಬ್ಬರು ಮಕ್ಕಳ ಸಾಮ್ಯವೂ ಇದೆ. ಒಬ್ಬ ದ್ರಾಕ್ಷಿತೋಟಕ್ಕೆ ಹೋಗಲಾರೆ ಎಂದು ಹೇಳಿ ಆಮೇಲೆ ಹೋದ. ಇನ್ನೊಬ್ಬ ಹೋಗುತ್ತೇನೆ ಎಂದು ಹೇಳಿ ಹೋಗಲಿಲ್ಲ. ಯಾರು ಏನಂದರು, ಯಾರಿಗೆ ಏನನ್ನಿಸಿತು ಎಂಬುದನ್ನು ಕಥೆ ಲೆಕ್ಕಕ್ಕೇ ಹಿಡಿಯುವುದಿಲ್ಲ, ಕಾಲು ಎತ್ತ ನಡೆಯಿತು ಎಂದಷ್ಟೇ ನೋಡುತ್ತದೆ. ಗಿಟಾರಿನವರ ಉಪದೇಶ ಇಲ್ಲಿ ಉಳಿಯುವುದಿಲ್ಲ, ಸರಿ. ಕೀರ್ಕೆಗಾರ್ಡ್ ಉಳಿಯುತ್ತಾನೆ. ಪ್ರಾರ್ಥಿಸುವಾಗ ಎದೆ ತುಂಬಿ ಬರಲಿಲ್ಲ ಎಂದು ಅವನು ಯಾರನ್ನೂ ದೂರಿರಲಿಲ್ಲ. ತೋಟಕ್ಕೆ ಯಾರೂ ಹೋಗಿಲ್ಲವಲ್ಲ ಎಂಬುದು ಅವನ ದೂರು. ನನ್ನ ಕೈಗೆ ಅದು ನೇರವಾಗಿ ತಗಲುತ್ತದೆ. ಹಾಗೆಂದು ಕೈ ಕೊಡುವುದನ್ನೂ ಬಿಟ್ಟರೆ ಇಬ್ಬರ ನಡುವೆ ಉಳಿಯುವುದು ವಕೀಲರು ಮಾತ್ರ.

1855ರ ನವೆಂಬರ್ 11ರಂದು ಕೀರ್ಕೆಗಾರ್ಡ್ ಆಸ್ಪತ್ರೆಯಲ್ಲಿ ಸತ್ತ. ಕೊನೆಯ ಸಂಸ್ಕಾರವನ್ನು ಪಾದ್ರಿಯ ಕೈಯಿಂದ ತೆಗೆದುಕೊಳ್ಳಲು ಒಪ್ಪಲಿಲ್ಲ. ಸಾಮಾನ್ಯ ವಿಶ್ವಾಸಿ ಕೊಟ್ಟರೆ ಆದೀತು ಎಂದ. ಅವನು ಉಗಿದ ಸಭೆಯೇ ನಗರದ ಮುಖ್ಯ ದೇವಾಲಯದಲ್ಲಿ ಅವನ ಅಂತ್ಯಕ್ರಿಯೆಯ ಆರಾಧನೆ ನಡೆಸಿತು. ಪಾದ್ರಿಯಾಗಿದ್ದ ಅವನ ಅಣ್ಣನೇ ಮಾತಾಡಿದ. ಸಮಾಧಿಯ ಬಳಿ ಅಕ್ಕನ ಮಗ ಹೆನ್ರಿಕ್ ಲುಂಡ್ ಪ್ರತಿಭಟಿಸಿ, ಪ್ರಕಟಣೆ ಗ್ರಂಥದಲ್ಲಿ ಲವೊದಿಕೀಯ ಸಭೆಗೆ ಬರೆದ ಪತ್ರವನ್ನು ಓದಿದ. ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ, ಉಗುರುಬೆಚ್ಚಗಿನವರನ್ನು ಬಾಯಿಂದ ಕಾರಿಬಿಡುವ ಮಾತು ಅದರಲ್ಲಿದೆ.

ನಾನು ಇಷ್ಟು ಹೊತ್ತು ವಕಾಲತ್ತು ಹಾಕಿದ್ದು ಆ ಉಗುರುಬೆಚ್ಚಗಿನವರ ಪರವಾಗಿ. ಪತ್ರ ಬರೆದದ್ದು ಸಭೆಗೆ, ಸಭೆ ಮುರಿದು ಮನೆಗೆ ಹೋಗಿ ಎಂದು ಅದರಲ್ಲಿ ಇಲ್ಲ ಎಂದು ಬೇಕಾದರೆ ವಾದಿಸಬಹುದು. ಆದರೆ ಪತ್ರದ ಕೊನೆಯಲ್ಲಿ ಕ್ರಿಸ್ತ ನಿಂತಿರುವುದು ಬಾಗಿಲ ಹೊರಗೆ, ತಟ್ಟುತ್ತಾ. ಅವನು ಹೊರಗಿದ್ದರೆ ನಾವು ಒಳಗೆ ಹಾಡುತ್ತಿರುವುದು ಯಾರಿಗೆ? ತಟ್ಟಿದ್ದು ಕೇಳಬೇಕಾದರೆ ಒಳಗೆ ಯಾರಾದರೂ ಇರಬೇಕಲ್ಲ ಎಂದು ಒಮ್ಮೆ ಅನ್ನಿಸುತ್ತದೆ. ಈ ಹಾಡಿನ ಗದ್ದಲದಲ್ಲಿ ಕೇಳುವುದಾದರೂ ಹೇಗೆ ಎಂದು ಇನ್ನೊಮ್ಮೆ.