ಇಂದಿನ ಧಮ್ಮ ಚಿಂತನೆ: ಕಳೆದುಹೋದ ಪ್ಲೇಟು





ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ನಮ್ಮ ಅಧ್ಯಯನ ಬಳಗದ ಮುಂದೆ ಇವತ್ತು ನನ್ನದೇ ಒಂದು ತಪ್ಪನ್ನು ಇಡುತ್ತೇನೆ. ಅಂಗೈಗಿಂತ ಚಿಕ್ಕ ವಸ್ತುವಿನ ಕಥೆ ಇದು.

ಹೋದ ತಿಂಗಳು ಕುಷ್ಟಗಿಯಲ್ಲಿ ನಮ್ಮ ಪ್ರವಚನ ಇತ್ತು. ದುಡಿಯಲು ಗೋವಾ, ಮಂಗಳೂರು, ಬೆಂಗಳೂರಿಗೆ ಹೋದ ನಮ್ಮ ಮಂದಿಯೂ ಕೇಳಲಿ ಎಂದು ವಿಡಿಯೊ ಮಾಡುವ ಯೋಚನೆ ಮಾಡಿದೆವು. ಗಂಗಾವತಿಯ ನಮ್ಮ ತಮ್ಮನೊಬ್ಬ ಮದುವೆ ಫೋಟೊ, ವಿಡಿಯೊ ತೆಗೆದು ಸಂಸಾರ ನಡೆಸುವವನು. ಅವನ ಟ್ರೈಪಾಡ್ ಕೇಳಿ ತಂದೆ. ಕಾರ್ಯಕ್ರಮ ಮುಗಿಯುವಾಗ ಯಲಬುರ್ಗಾ ಬಸ್ಸಿನ ಗಡಿಬಿಡಿ. ಕ್ಯಾಮೆರಾ ಬಿಚ್ಚಿದೆ, ಕಾಲು ಮಡಚಿದೆ, ಚೀಲಕ್ಕೆ ತುರುಕಿದೆ. ಕ್ಯಾಮೆರಾದ ಅಡಿಗೆ ಸ್ಕ್ರೂ ಹಾಕಿ ಕೂರಿಸುವ ಚಿಕ್ಕ ಪ್ಲೇಟು ಇರುತ್ತದಲ್ಲ, ಅದನ್ನು ಕುರ್ಚಿಯ ಮೇಲೆ ಇಟ್ಟಿದ್ದು ನೆನಪಿದೆ. ತೆಗೆದುಕೊಂಡಿದ್ದು ನೆನಪಿಲ್ಲ.

ಎರಡು ದಿನ ಬಿಟ್ಟು ಬೆಳಿಗ್ಗೆ ಮದುವೆ ಮನೆಯಿಂದ ಅವನ ಫೋನ್ ಬಂತು. "ಅಣ್ಣಾ, ಪ್ಲೇಟ್ ಇಲ್ರಿ. ನಿಮ್ಮ ಹತ್ರ ಏನರ ಉಳದೈತೇನ್ರಿ?"

ಆ ಕುರ್ಚಿ ಕಣ್ಣ ಮುಂದೆ ಬಂತು. ಆದರೂ ಬಾಯಿಂದ ಬಂದದ್ದು, "ಇಲ್ಲಪ್ಪ, ನಾ ಎಲ್ಲಾ ಹಾಕೇ ಕೊಟ್ಟೀನಿ."

ಅದೇ ದಿನ ಬೆಳಿಗ್ಗೆ ಪಂಚಶೀಲ ಹೇಳಿದ್ದೆ. ನಾಲ್ಕನೆಯದು ಏನೆಂದು ನಿಮಗೆ ಹೇಳಬೇಕಾಗಿಲ್ಲ.

ಅವನು ಅಕ್ಕಿಕಾಳು ಬೀಳುವ ಹೊತ್ತನ್ನೂ ಕೈಯಲ್ಲೇ ಕ್ಯಾಮೆರಾ ಹಿಡಿದು ತೆಗೆದ. ವಿಡಿಯೊ ಅಲುಗಿದೆ ಎಂದು ಮದುವೆಯವರು ಬಾಕಿ ಹಣ ತಡೆದರು. ಆ ಸುದ್ದಿ ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

*ರಾಹುಲನಿಗೆ ಹೇಳಿದ ಪಾಠ*

ಮಜ್ಝಿಮ ನಿಕಾಯದ 61ನೇ ಸುತ್ತದಲ್ಲಿ ಭಗವಾನ್ ಬುದ್ಧರು ಚಿಕ್ಕ ವಯಸ್ಸಿನ ರಾಹುಲನಿಗೆ ಪಾತ್ರೆಯ ತಳದಲ್ಲಿ ಉಳಿದ ಸ್ವಲ್ಪ ನೀರನ್ನು ತೋರಿಸುತ್ತಾರೆ. ಗೊತ್ತಿದ್ದೂ ಸುಳ್ಳು ಹೇಳಿ ನಾಚದವನಲ್ಲಿ ಸಮಣತನ ಅಷ್ಟೇ ಉಳಿದಿರುತ್ತದೆ ಎನ್ನುತ್ತಾರೆ. ಆ ನೀರನ್ನು ಚೆಲ್ಲಿ, ಪಾತ್ರೆಯನ್ನು ಬೋರಲು ಹಾಕಿ, ಖಾಲಿ ತೋರಿಸುತ್ತಾರೆ. ಆದರೆ ಅಲ್ಲಿಗೇ ನಿಲ್ಲಿಸುವುದಿಲ್ಲ. ಮಾಡುವ ಮುಂಚೆ, ಮಾಡುವಾಗ, ಮಾಡಿದ ಮೇಲೆ ನೋಡಿಕೋ. ನಡೆಯಲ್ಲಿ ನುಡಿಯಲ್ಲಿ ತಪ್ಪಾಗಿದ್ದರೆ ಗುರುವಿನ ಮುಂದೆ, ತಿಳಿದ ಗೆಳೆಯರ ಮುಂದೆ ಬಿಚ್ಚಿ ಹೇಳು, ಮುಂದೆ ಎಚ್ಚರದಿಂದ ಇರು ಎಂದು ದಾರಿ ತೋರಿಸುತ್ತಾರೆ.

ಮರುದಿನ ಗಂಗಾವತಿಗೆ ಹೋದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ಪ್ಲೇಟ್ ಹೋತು ಅಂತ ಸಿಟ್ಟಿಲ್ಲಣ್ಣ. ಅವತ್ತ ಖರೇ ಹೇಳಿದ್ರ, ಚೀಲ ಹುಡುಕೋದು ಬಿಟ್ಟು ಗೆಳ್ಯಾರ ಕಡಿಂದ ಒಂದು ಸ್ಟ್ಯಾಂಡ್ ತರ್ತಿದ್ದೆ."

*ಸುಮಾರು ಹೊಂದುವ ಸ್ಕ್ರೂ*

ಇಬ್ಬರೂ ಕೂಡಿ ಹೊಸದನ್ನು ಹುಡುಕಲು ಹೊರಟೆವು. ಮೊದಲು ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಬೋಲ್ಟ್ ತಗೊಂಡೆ. ನೋಡಲು ಕ್ಯಾಮೆರಾ ಸ್ಕ್ರೂ ತರಹವೇ ಇತ್ತು. ತಮ್ಮ ತಡೆದ. ಕ್ಯಾಮೆರಾದ ಸ್ಕ್ರೂ ಕಾಲು ಇಂಚಿನದು, ಅಂದರೆ 6.35 ಮಿಲಿಮೀಟರ್, ಒಂದು ಇಂಚಿಗೆ 20 ಸುತ್ತು. ನನ್ನ ಕೈಯಲ್ಲಿದ್ದದ್ದು 6 ಮಿಲಿಮೀಟರ್‌ನದು, ಒಂದೊಂದು ಮಿಲಿಮೀಟರ್‌ಗೆ ಒಂದು ಸುತ್ತು. ಕಣ್ಣಿಗೆ ಎರಡೂ ಒಂದೇ. ಆದರೆ ಒಳಗೆ ಹೋದರೂ ಸಡಿಲ ಇರುತ್ತದೆ, ಬಲವಂತ ಮಾಡಿದರೆ ಕ್ಯಾಮೆರಾದ ಸುತ್ತುಗಳೇ ಕೆಡುತ್ತವೆ. ಉದ್ದ ಹೆಚ್ಚಾದರೂ ತಳಕ್ಕೆ ಒತ್ತಿ ಹಾನಿ.

ಪ್ಲೇಟೂ ಹಾಗೆಯೇ. ಒಂದೊಂದು ಕಂಪನಿಯದು ಒಂದೊಂದು ಅಳತೆ. ಅಂಚು ಓರೆಯಾಗಿರುವುದರಿಂದ ಮೇಲಿನ ಅಗಲ ಬೇರೆ, ಕೆಳಗಿನ ಅಗಲ ಬೇರೆ. ಅದಕ್ಕೇ ಟ್ರೈಪಾಡನ್ನೇ ಅಂಗಡಿಗೆ ಹೊತ್ತೊಯ್ದು, ಕೂರಿಸಿ, ಅಲುಗಾಡಿಸಿ ನೋಡಿ ತಂದೆವು. ಆಗಲೇ ಇನ್ನೊಂದು ಕಂಡಿತು: ಒಂದು ಕಾಲಿನ ರಬ್ಬರ್ ಬುಷ್ ಎಂದೋ ಬಿದ್ದುಹೋಗಿತ್ತು, ಟೈಲ್ಸ್ ಮೇಲೆ ಆ ಕಾಲು ಜಾರುತ್ತಿತ್ತು. ಪೈಪಿನ ಅಳತೆ ತಗೊಂಡು, ಮೆಡಿಕಲ್ ಅಂಗಡಿಯಿಂದ ಮುದುಕರ ಊರುಗೋಲಿಗೆ ಹಾಕುವ ಬುಷ್ ತಂದು ಹಾಕಿದೆವು. ಸರಿಯಾಗಿ ಕೂತಿತು.

ಅಲ್ಲಿ ನನಗೆ ಒಂದು ಮಾತು ಹೊಳೆಯಿತು. ಗಂಗಾವತಿಗೆ ಬರುವ ದಾರಿಯಲ್ಲಿ ನಾನು ಏನೇನೋ ತಯಾರಿ ಮಾಡಿಕೊಂಡಿದ್ದೆ: "ಎಲ್ಲೋ ಬಿದ್ದಿರಬೇಕು", "ಯಾರೋ ಹುಡುಗರು ತೆಗೆದಿರಬೇಕು". ಇವೆಲ್ಲ 6 ಮಿಲಿಮೀಟರ್ ಬೋಲ್ಟ್‌ಗಳು. ಸತ್ಯದ ಹತ್ತಿರ ಇರುತ್ತವೆ, ಸತ್ಯದ ಜಾಗದಲ್ಲಿ ಕೂರುವುದಿಲ್ಲ. ಕಳೆದ ಜಾಗಕ್ಕೆ ಅದೇ ಅಳತೆಯದು ಬೇಕು. ತಡೆದ ಹಣ ನಾನು ಕೊಡುತ್ತೇನೆ ಅಂದರೆ ತಮ್ಮ ಒಪ್ಪಲಿಲ್ಲ. "ಮದುವಿ ಮಂದಿಗೆ ನೀವ ಒಂದು ಮಾತು ಹೇಳ್ರಿ" ಅಂದ. ಅವರ ಮನೆಗೆ ಹೋಗಿ, ತಪ್ಪು ನನ್ನದು, ಇವನದಲ್ಲ ಎಂದು ಹೇಳಿ ಬಂದೆ. ಹಣ ಕೊಡುವುದಕ್ಕಿಂತ ಅದು ಕಷ್ಟವಾಗಿತ್ತು.

*ನಮ್ಮ ಗುಡ್ಡದ ಮೇಲಿನ ಸಾಕ್ಷಿ*

ತಪ್ಪು ಒಪ್ಪಿಕೊಂಡರೆ ಮರ್ಯಾದೆ ಹೋಗುತ್ತದೆ ಎಂದು ನಾವು ಹೆದರುತ್ತೇವೆ. ಕೊಪ್ಪಳದ ಗವಿಮಠದ ಬೆಟ್ಟ ಹತ್ತಿ ನೋಡಿ. ಅಲ್ಲಿರುವ ಅಶೋಕನ ಶಾಸನ 1931ರಲ್ಲಿ ಬೆಳಕಿಗೆ ಬಂತು. ಎರಡೂವರೆ ವರ್ಷಕ್ಕೂ ಮೇಲಾಯಿತು ನಾನು ಉಪಾಸಕನಾಗಿ, ಆದರೆ ಮೊದಲು ಅಷ್ಟು ಶ್ರಮಪಡಲಿಲ್ಲ. ಸಂಘದ ಹತ್ತಿರ ಬಂದ ಮೇಲೆ ಚೆನ್ನಾಗಿ ಶ್ರಮಪಟ್ಟೆ ಎಂದು ಚಕ್ರವರ್ತಿಯೇ ಅದರಲ್ಲಿ ಹೇಳಿಕೊಂಡಿದ್ದಾನೆ. ತನ್ನ ಸೋಮಾರಿತನವನ್ನು ಕಲ್ಲಿನಲ್ಲಿ ಕೆತ್ತಿಸಿದ! ಇದು ದೊಡ್ಡವರಿಗೆ ಮಾತ್ರ ದಕ್ಕುವುದಲ್ಲ, ಶ್ರಮಪಟ್ಟರೆ ಚಿಕ್ಕವರಿಗೂ ದಕ್ಕುತ್ತದೆ ಎಂಬ ಅರ್ಥದ ಮಾತೂ ಅಲ್ಲಿದೆ. ಅದೇ ಅಶೋಕ ರಾಜಸ್ಥಾನದ ಬೈರಾಟ್‌ನಲ್ಲಿ ಸಿಕ್ಕ ಶಾಸನದಲ್ಲಿ, ಭಿಕ್ಷುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕಾದ ಉಪದೇಶಗಳ ಸಾಲಿನಲ್ಲಿ ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ್ದನ್ನು ಸೇರಿಸಿದ್ದಾನೆ.

ಕೊಪ್ಪಳದಲ್ಲೇ ಇರುವ ಪಾಲ್ಕಿಗುಂಡು ಶಾಸನದ ಅಕ್ಷರಗಳು ಬಹಳ ಸವೆದಿವೆ. ಅಳಿದದ್ದು ಏನಿತ್ತೆಂದು ತಿಳಿಯುವುದು ಗವಿಮಠದ ಶಾಸನವನ್ನು ಪಕ್ಕಕ್ಕಿಟ್ಟು ಓದಿದಾಗ. ನಮ್ಮಲ್ಲಿ ಒಬ್ಬರ ಶೀಲ ಸವೆದಾಗ ಇನ್ನೊಬ್ಬರ ಪಕ್ಕ ಕೂತು ಸರಿಮಾಡಿಕೊಳ್ಳಬೇಕು. ಸಂಘ ಇರುವುದು ಅದಕ್ಕೇ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸುಳ್ಳು ಹೇಳುವುದಿಲ್ಲ ಎಂಬುದೂ ಒಂದು. ಅದು ವೇದಿಕೆಯ ಮೇಲೆ ಹೇಳಲು ಸುಲಭ. ಅದರ ಪರೀಕ್ಷೆ ನಡೆಯುವುದು ಬೆಳಿಗ್ಗೆ ಬರುವ ಒಂದು ಫೋನಿನಲ್ಲಿ.

*ಇಂದಿನ ಅಭ್ಯಾಸ:* ಬೇರೆಯವರಿಂದ ತಂದ ಒಂದು ವಸ್ತು ನಿಮ್ಮ ಮನೆಯಲ್ಲಿ ಇದೆಯೇ ನೋಡಿ. ಅದರಲ್ಲಿ ಏನಾದರೂ ಕಳೆದಿದ್ದರೆ, ಮುರಿದಿದ್ದರೆ, ಅವರು ಕೇಳುವ ಮೊದಲೇ ಫೋನ್ ಮಾಡಿ ಹೇಳಿ. ಆಮೇಲೆ ಸರಿಯಾದ ಅಳತೆಯದನ್ನೇ ತಂದು ಕೊಡಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್, ನಮೋ ಬುದ್ಧಾಯ 🙏